ಹಿಂದಿನ ಚಕ್ರ ಉಜ್ಜುತ್ತಿದ್ದ ನನ್ನ ಗಾಡಿ ಮತ್ತು ಕತ್ರಿಗುಪ್ಪೆಯ ಈ ಪುಟ್ಟ ಗ್ಯಾರೇಜು

ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೇನೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ "ಸೂಪರ್ ಸರ್ವಿಸ್, ಒಳ್ಳೆ ಅಣ್ಣ" ಅಂತ ಒಂದು ಸಾಲು ಬರೆದರೆ ಯಾರಿಗೂ ಉಪಯೋಗ ಇಲ್ಲ. ಇವರ ಹತ್ತಿರ ಬರುವ ಮೊದಲು ನಾನು ಮೂರು ಕಡೆ ಅಲೆದಿದ್ದೆ. ಒಂದು ತಿಂಗಳು ಹಿಂದಿನ ಚಕ್ರ ಉಜ್ಜಿಕೊಂಡೇ ಓಡಾಡಿದೆ.

ಗಾಡಿ 150 ಸಿಸಿ ಬೈಕ್, 2015ರಲ್ಲಿ ಕೊಂಡಿದ್ದು, ಹಿಂದೆ ಎರಡು ಶಾಕ್ ಅಬ್ಸಾರ್ಬರ್, ತಗಡಿನ ಮಡ್‌ಗಾರ್ಡ್. ನಾನು ದಿನಾ ಬೆಂಗಳೂರಿನ ಹನುಮಂತನಗರದಿಂದ ಪೀಣ್ಯಕ್ಕೆ ಒಬ್ಬನೇ ಹೋಗಿ ಬರುತ್ತೇನೆ. ವಾರಕ್ಕೆ ಎರಡು ಸಲ ಹೆಂಡತಿಯನ್ನು ಕೂರಿಸಿಕೊಂಡು ಚಿಕ್ಕಪೇಟೆಗೆ ಹೋಗುತ್ತೇನೆ. ಅವಳು ಮನೆಯಲ್ಲೇ ಟೈಲರಿಂಗ್ ಮಾಡುತ್ತಾಳೆ. ಲೈನಿಂಗ್ ಬಟ್ಟೆ, ಫಾಲ್ಸು, ದಾರ ಎಲ್ಲ ಅಲ್ಲಿಂದಲೇ ತರಬೇಕು. ಬರುವಾಗ ಗಾಡಿ ಮೇಲೆ ನಾವಿಬ್ಬರು, ಜೊತೆಗೆ ಒಂದು ದೊಡ್ಡ ಗಂಟು.

ಸದ್ದು ಶುರುವಾಗಿದ್ದು ಅಂಥ ಒಂದು ದಿನ. ಚಾಮರಾಜಪೇಟೆ ದಾಟಿ ನಮ್ಮ ಏರಿಯಾದ ಹಂಪ್ ಹತ್ತುತ್ತಿದ್ದ ಹಾಗೆ ಹಿಂದಿನಿಂದ "ಝರ್ರ್" ಅಂತ ಬಂತು. ಅರ್ಧ ಸೆಕೆಂಡ್, ಅಷ್ಟೇ. ಸೀರೆ ಸೆರಗು ಸಿಕ್ಕಿಕೊಂಡಿತೇನೋ ಅಂತ ಗಾಬರಿಯಾಗಿ ನಿಲ್ಲಿಸಿದೆ. ಸೆರಗು ಸರಿಯಾಗಿತ್ತು. ಮಾರನೇ ದಿನ ಒಬ್ಬನೇ ಪೀಣ್ಯಕ್ಕೆ ಹೋದೆ, ಸದ್ದೇ ಇಲ್ಲ. ಮತ್ತೆ ಅವಳನ್ನು ಕೂರಿಸಿಕೊಂಡು ಹೋದ ದಿನ ಅದೇ ಹಂಪ್, ಅದೇ "ಝರ್ರ್". ಜೊತೆಗೆ ಸುಟ್ಟ ರಬ್ಬರ್ ವಾಸನೆ.

ಮೊದಲು ಹೋಗಿದ್ದು ಒಂದು ಸರ್ವಿಸ್ ಸೆಂಟರ್‌ಗೆ. ಹೆಸರು ಬೇಡ. ಅಲ್ಲಿ ಗಾಡಿಯನ್ನು ಒಂದು ಸುತ್ತು ನೋಡಿ "ಶಾಕ್ ಹೋಗಿದೆ ಸರ್, ಎರಡೂ ಚೇಂಜ್ ಮಾಡಬೇಕು, 3,400 ಆಗುತ್ತೆ" ಅಂದರು. ಈಗ ಬೇಡ ಅಂದಿದ್ದಕ್ಕೆ ಶಾಕ್ ಟೈಟ್ ಮಾಡಿ ಕೊಟ್ಟರು. ಸದ್ದು ಸ್ವಲ್ಪ ಕಮ್ಮಿಯಾಯಿತು, ಹೋಗಲಿಲ್ಲ. ಆಮೇಲೆ ಮನೆ ಹತ್ತಿರದ ಒಬ್ಬ ಮೆಕ್ಯಾನಿಕ್. ಅವರು ಮಡ್‌ಗಾರ್ಡ್ ಒಳಗಿಂದ ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿ ಮೇಲಕ್ಕೆ ಎಬ್ಬಿಸಿದರು. ಆ ಜಾಗದಲ್ಲಿ ಪೇಂಟ್ ಎದ್ದು ಈಗ ತುಕ್ಕು ಹಿಡಿಯುತ್ತಿದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಮೂರನೆಯದು ನಾಲ್ಕು ತಿಂಗಳ ಹಿಂದೆ ಟೈರ್ ಹಾಕಿಸಿದ್ದ ಅಂಗಡಿ. ಅವರು ಗಾಳಿ ಜಾಸ್ತಿ ಹೊಡೆದು "ಈಗ ಸರಿಹೋಗುತ್ತೆ" ಅಂದರು. ಸರಿಹೋಗಲಿಲ್ಲ.

ಮೂರು ಕಡೆಯೂ ಒಬ್ಬರೂ ಬಗ್ಗಿ ಮಡ್‌ಗಾರ್ಡ್ ಒಳಗೆ ಟಾರ್ಚ್ ಬಿಟ್ಟು ನೋಡಲಿಲ್ಲ. ಯಾವಾಗ ಸದ್ದು ಬರುತ್ತದೆ ಅಂತ ಒಬ್ಬರೂ ಸರಿಯಾಗಿ ಕೇಳಲಿಲ್ಲ. ಆಗ ನನಗೂ ಅದು ಹೊಳೆದಿರಲಿಲ್ಲ.

ಈ ಗ್ಯಾರೇಜಿನ ಬಗ್ಗೆ ಹೇಳಿದ್ದು ನಮ್ಮ ಫ್ಯಾಕ್ಟರಿಯ ಸೆಕ್ಯುರಿಟಿ ಅಣ್ಣ. ಕತ್ರಿಗುಪ್ಪೆಯ ಒಳರಸ್ತೆ, ಒಂದೇ ಶಟರ್, ಬೋರ್ಡ್ ಬಿಸಿಲಿಗೆ ಬೆಳ್ಳಗಾಗಿ ಅಕ್ಷರ ಕಾಣುವುದಿಲ್ಲ. ಒಳಗೆ ಎರಡು ಗಾಡಿ ನಿಲ್ಲಿಸುವಷ್ಟು ಜಾಗ, ಉಳಿದದ್ದೆಲ್ಲ ಫುಟ್‌ಪಾತ್ ಮೇಲೆ. ಒಬ್ಬರು ಅಣ್ಣ, ಐವತ್ತರ ಮೇಲಿನ ವಯಸ್ಸು. ಕೆಲಸ ಕಲಿಯುತ್ತಿರುವ ಒಬ್ಬ ಹುಡುಗ. ಅಷ್ಟೇ ಜನ.

ನಾನು ಹೋಗಿ "ಹಿಂದಿನ ಚಕ್ರ ಉಜ್ಜುತ್ತಿದೆ ಅಣ್ಣ" ಅಂದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಸ್ಟೂಲ್ ಎಳೆದು ಗಾಡಿ ಹಿಂದೆ ಕೂತು ಕೇಳೋಕೆ ಶುರು ಮಾಡಿದರು. ಒಬ್ಬರೇ ಇದ್ದಾಗ ಬರುತ್ತಾ? ಇಬ್ಬರಿದ್ದಾಗಲಾ? ಹಂಪ್‌ನಲ್ಲಿ ಹತ್ತುವಾಗಲಾ, ಇಳಿದು ಕೂರುವಾಗಲಾ? ತಿರುವಿನಲ್ಲಿ ಬರುತ್ತಾ, ಬಂದರೆ ಎಡಕ್ಕಾ ಬಲಕ್ಕಾ? ಬ್ರೇಕ್ ಹಿಡಿದಾಗ? ಸದ್ದು ಒಂದೇ ಸಮ ಬರುತ್ತಾ, ಟಕ್ ಟಕ್ ಅಂತ ಬಿಟ್ಟು ಬಿಟ್ಟು ಬರುತ್ತಾ? ಒಂದೊಂದಕ್ಕೂ ನಾನು ಯೋಚನೆ ಮಾಡಿ ಉತ್ತರ ಹೇಳಬೇಕಾಯಿತು. ಆಮೇಲೆ ಕೇಳಿದ ಪ್ರಶ್ನೆಯೇ ಮುಖ್ಯ:

"ಸರ್, ಸದ್ದು ಶುರುವಾಗೋಕೆ ಮುಂಚೆ ಗಾಡಿಗೆ ಹೊಸದಾಗಿ ಏನು ಹಾಕಿಸಿದ್ರಿ?"

ಟೈರ್ ಹಾಕಿಸಿದೆ, ಆದರೆ ಅದಾಗಿ ನಾಲ್ಕು ತಿಂಗಳಾಯಿತು, ಸದ್ದು ಬಂದಿದ್ದು ಹೋದ ತಿಂಗಳು ಅಂದೆ. "ಇನ್ನೇನು?" ಅಂದರು. ಇನ್ನೇನೂ ಇಲ್ಲ ಅಂದೆ. ಅವರು ಹಿಂದಿನ ಕ್ಯಾರಿಯರ್ ಮೇಲೆ ಕೈಯಿಟ್ಟು "ಇದು?" ಅಂದರು. ಬಟ್ಟೆ ಗಂಟು ಕಟ್ಟೋಕೆ ಅಂತ ಹೋದ ತಿಂಗಳೇ ಹಾಕಿಸಿದ್ದ ಕ್ಯಾರಿಯರ್ ಅದು. ನನಗೆ ನೆನಪೇ ಆಗಿರಲಿಲ್ಲ, ಅದು ಚಕ್ರಕ್ಕೆ ಸಂಬಂಧವೇ ಇಲ್ಲದ ವಸ್ತು ಅಂದುಕೊಂಡಿದ್ದೆ.

ಆಮೇಲೆ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ಗೆ ತಂದು, ಎಂಜಿನ್ ಆಫ್ ಇಟ್ಟೇ ಕೈಯಲ್ಲಿ ಚಕ್ರ ನಿಧಾನ ತಿರುಗಿಸಿದರು. ಹುಡುಗ ಟಾರ್ಚ್ ಹಿಡಿದ. ಟೈರ್ ಮೇಲೆ, ನಡುವಿನಿಂದ ಸ್ವಲ್ಪ ಎಡಕ್ಕೆ, ಸುತ್ತಲೂ ಒಂದು ಸಣ್ಣ ಗೀರು. ಬ್ಲೇಡಿನಲ್ಲಿ ಎಳೆದ ಹಾಗೆ. ನಾನು ಒಂದು ತಿಂಗಳು ಆ ಟೈರ್ ಮೇಲೇ ಓಡಾಡಿದ್ದೇನೆ, ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ.

"ನೋಡಿ ಸರ್, ಟೈರ್ ಮಡ್‌ಗಾರ್ಡ್‌ಗೇ ತಾಗಿದ್ರೆ ಅಗಲವಾಗಿ ಸವೆಯುತ್ತೆ, ತಗಡು ಪಾಲಿಶ್ ಆದಂಗೆ ಹೊಳೆಯುತ್ತೆ. ಇದು ಗೀರು. ಅಂದ್ರೆ ಏನೋ ಚೂಪಾಗಿರೋದು ತಾಗ್ತಿದೆ."

ಇಲ್ಲಿಗೇ ಅರ್ಧ ಕೆಲಸ ಮುಗಿದಿತ್ತು. ಆದರೂ ಅವರು ಊಹೆ ಮೇಲೆ ಬಿಡಲಿಲ್ಲ. ಚಾಕ್‌ಪೀಸ್ ತಗೊಂಡು ಟೈರಿನ ಸುತ್ತ ದಪ್ಪಗೆ ಬಳಿದರು. ಹುಡುಗನನ್ನು ನನ್ನ ಹಿಂದೆ ಕೂರಿಸಿ, ಅವನ ತೊಡೆ ಮೇಲೆ ಹಳೇ ಬ್ಯಾಟರಿ ಒಂದಿಟ್ಟು, ರಸ್ತೆ ತುದಿಯ ಹಂಪ್‌ಗೆ ಹೋಗಿ ಬನ್ನಿ, ನಿಧಾನ ಹೋಗಿ ಅಂದರು. ಹಂಪ್ ಮೇಲೆ ಸದ್ದು ಬಂತು. ವಾಪಸ್ ಬಂದು ಟಾರ್ಚ್ ಬಿಟ್ಟು ನೋಡಿದರೆ ಟೈರ್ ಮೇಲಿನ ಬಿಳಿ ಒಂದೇ ಗೆರೆಯಲ್ಲಿ ಅಳಿಸಿಹೋಗಿತ್ತು. ಮಡ್‌ಗಾರ್ಡ್ ಒಳಗೆ, ಕ್ಯಾರಿಯರ್ ಕೂತಿರುವ ಜಾಗದಲ್ಲಿ, ಒಂದು ಬೋಲ್ಟಿನ ತುದಿ ಮಾತ್ರ ಬೆಳ್ಳಗೆ! ಸುತ್ತಲೂ ಕಪ್ಪು ಮಣ್ಣು, ನಡುವೆ ಹಲ್ಲಿನ ಹಾಗೆ ಆ ಬಿಳಿ ತುದಿ.

ಆಗಿದ್ದು ಇಷ್ಟು. ಆ ಜಾಗದಲ್ಲಿ ಕಂಪನಿಯವರು ಹಾಕಿದ್ದು ಗಿಡ್ಡ ಬೋಲ್ಟ್. ಗುಂಡು ತಲೆ ಒಳಗೆ ಟೈರ್ ಕಡೆ ಇರುತ್ತದೆ, ನಟ್ ಹೊರಗೆ. ಕ್ಯಾರಿಯರ್ ಹಾಕಿದ ಅಂಗಡಿಯವರು ಅದನ್ನು ತೆಗೆದು ಉದ್ದದ ಬೋಲ್ಟನ್ನು ಮೇಲಿನಿಂದ ಒಳಕ್ಕೆ ತೂರಿಸಿ, ಒಳಗಡೆ ನಟ್ ಹಾಕಿದ್ದರು. ನಟ್ ದಾಟಿ ಥ್ರೆಡ್ ಟೈರ್ ಕಡೆಗೆ ಚಾಚಿಕೊಂಡಿತ್ತು. ಅಣ್ಣ ಸ್ಕೇಲ್ ಇಟ್ಟು ತೋರಿಸಿದರು, ನಟ್ ಎಲ್ಲ ಸೇರಿ 12 ಮಿಲಿಮೀಟರ್.

ಹಾಗಾದರೆ ಟೈರ್ ತಪ್ಪು ಇಲ್ಲವಾ? ಇದೆ, ಅದೂ ಇದೆ. ಈ ಭಾಗ ದಯವಿಟ್ಟು ಸರಿಯಾಗಿ ಓದಿ, ಏಕೆಂದರೆ ಬೆಂಗಳೂರಿನಲ್ಲಿ ಅರ್ಧಕ್ಕರ್ಧ ಜನ ಇದನ್ನೇ ಮಾಡಿಸಿಕೊಳ್ಳುತ್ತಾರೆ ಅನಿಸುತ್ತದೆ. ನನ್ನ ಗಾಡಿಗೆ ಬರಬೇಕಾದ ಟೈರ್ 100/90-18. ಟೈರ್ ಅಂಗಡಿಯವರು "ಗ್ರಿಪ್ ಜಾಸ್ತಿ ಸಿಗುತ್ತೆ, ಗಾಡಿ ನೋಡೋಕೂ ಚೆನ್ನಾಗಿರುತ್ತೆ" ಅಂತ 110/90-18 ಹಾಕಿದ್ದರು. ಒಂದು ಸೆಂಟಿಮೀಟರ್ ಅಗಲ ತಾನೇ ಅಂತ ನಾನೂ ಒಪ್ಪಿಕೊಂಡಿದ್ದೆ. ಅಣ್ಣ ನೆಲದ ಮೇಲೆ ಚಾಕ್‌ಪೀಸಿನಲ್ಲೇ ಲೆಕ್ಕ ಬರೆದರು. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದು ಆ ಅಗಲದಲ್ಲಿ ನೂರಕ್ಕೆ ಎಷ್ಟು ಪಾಲು ಟೈರಿನ ಎತ್ತರ ಅಂತ. ಕೊನೆಯದು ರಿಮ್ಮಿನ ಇಂಚು. ಅಂದರೆ 100ಕ್ಕೆ 90 ಪಾಲು ಅಂದರೆ ಎತ್ತರ 90 ಮಿಲಿಮೀಟರ್. 110ಕ್ಕೆ 90 ಪಾಲು ಅಂದರೆ 99. ಟೈರ್ ಬರೀ ಅಗಲ ಆಗಲಿಲ್ಲ, ಮೇಲಕ್ಕೂ 9 ಮಿಲಿಮೀಟರ್ ಬೆಳೆಯಿತು, ಮಡ್‌ಗಾರ್ಡ್ ಕಡೆಗೆ.

ಟೈರಿನ 9, ಬೋಲ್ಟಿನ 12, ಒಟ್ಟು 21 ಮಿಲಿಮೀಟರ್ ಜಾಗ ಹೋಯಿತು. ಇಬ್ಬರು ಕೂತಾಗ ಬೋಲ್ಟಿಗೂ ಟೈರಿಗೂ ನಡುವೆ ಉಳಿಯುತ್ತಿದ್ದದ್ದು ಒಂದು ಬೆರಳಿನಷ್ಟು. ಹಂಪ್ ಮೇಲೆ ಶಾಕ್ ಒತ್ತಿಕೊಂಡಾಗ ಅದೂ ಮುಗಿಯುತ್ತಿತ್ತು. ದೊಡ್ಡ ಟೈರ್ ಒಂದೇ ಇದ್ದ ಮೂರು ತಿಂಗಳು ತಾಗಲಿಲ್ಲ. ಸರಿಯಾದ ಟೈರ್ ಇದ್ದು ಬರೀ ಉದ್ದ ಬೋಲ್ಟ್ ಇದ್ದಿದ್ದರೂ ತಾಗುತ್ತಿರಲಿಲ್ಲವೇನೋ. ಎರಡೂ ಸೇರಿದ್ದರಿಂದ ತಾಗಿತು. ಒಬ್ಬನೇ ಹೋದಾಗ ಸದ್ದು ಇಲ್ಲದಿದ್ದದ್ದು ಯಾಕೆ, ನಾಲ್ಕು ತಿಂಗಳ ಹಿಂದಿನ ಟೈರ್‌ಗೆ ಹೋದ ತಿಂಗಳು ಸದ್ದು ಬಂದಿದ್ದು ಯಾಕೆ, ಎಲ್ಲಕ್ಕೂ ಅಲ್ಲಿ ನೆಲದ ಮೇಲೆ ಉತ್ತರ ಇತ್ತು. ನನಗೆ ನಿಜಕ್ಕೂ ಖುಷಿಯಾಯಿತು. ಒಂದು ತಿಂಗಳು ತಲೆ ತಿಂದ ವಿಷಯ ಇಷ್ಟು ನೇರವಾಗಿ ಕಣ್ಣ ಮುಂದೆ ಬಂದರೆ ಯಾರಿಗಾದರೂ ಆಗುತ್ತೆ ಅಲ್ವಾ.

ಹಂಪ್ ಬಗ್ಗೆಯೂ ಒಂದು ಮಾತು. ರಸ್ತೆ ಹೇಗಿರಬೇಕು ಅಂತ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಅಂದರೆ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುವಂಥದ್ದು. ನಮ್ಮ ಬೀದಿಯಲ್ಲಿರುವುದು ಅಡ್ಡಡ್ಡ ಮಲಗಿಸಿದ ಕಂಬದ ಹಾಗೆ. ಇಬ್ಬರಿದ್ದರೆ ಎಷ್ಟು ನಿಧಾನ ಹೋದರೂ ಶಾಕ್ ಜೋರಾಗಿ ಒತ್ತಿಕೊಳ್ಳುತ್ತದೆ.

ಬೋಲ್ಟ್ ಸಿಕ್ಕಿತಲ್ಲ, ಮುಗಿಯಿತು ಅಂತ ನಾನು ಏಳೋಕೆ ಹೋದೆ. ಅವರು ಬಿಡಲಿಲ್ಲ. "ಉಜ್ಜುತ್ತೆ ಅಂತ ಬಂದ ಗಾಡಿಗೆ ಒಂದೇ ಕಾರಣ ನೋಡಿ ಕಳಿಸಿದ್ರೆ ಹದಿನೈದು ದಿನಕ್ಕೆ ಮತ್ತೆ ಬರ್ತೀರ" ಅಂದರು. ಚಕ್ರದ ಹಿಂಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಜಗ್ಗಿ ನೋಡಿದರು. ಯಾಕೆ ಅಂತ ಕೇಳಿದ್ದಕ್ಕೆ ನನ್ನ ಕೈಯಲ್ಲೇ ಮಾಡಿಸಿದರು. ಚಕ್ರ ಮಾತ್ರ ಅಲ್ಲಾಡಿ, ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಅಲ್ಲಾಡದಿದ್ದರೆ ಬೇರಿಂಗ್ ಹೋಗಿದೆ. ಚಕ್ರ, ಆರ್ಮ್ ಎರಡೂ ಜೊತೆಯಲ್ಲೇ ಅಲ್ಲಾಡಿದರೆ ಆರ್ಮಿನ ಬುಷ್ ಸವೆದಿದೆ. ಎರಡರಲ್ಲಿ ಯಾವುದು ಹೋದರೂ ಚಕ್ರ ತಿರುವಿನಲ್ಲಿ ಪಕ್ಕಕ್ಕೆ ವಾಲಿ ತಾಗಬಹುದು. ನನ್ನದರಲ್ಲಿ ಎರಡೂ ಗಟ್ಟಿಯಾಗಿದ್ದವು. ಆಮೇಲೆ ಒಂದು ಪೆನ್ಸಿಲ್ಲನ್ನು ರಿಮ್ ಅಂಚಿಗೆ ತಾಗಿಯೂ ತಾಗದ ಹಾಗೆ ಹಿಡಿದು ಚಕ್ರ ತಿರುಗಿಸಿದರು, ರಿಮ್ ಬೆಂಡ್ ಇದೆಯಾ ಅಂತ. ಇರಲಿಲ್ಲ.

ಚಕ್ರವನ್ನು ಹಿಂದೆ ಮುಂದೆ ಸರಿಸಿ ಚೈನ್ ಬಿಗಿ ಮಾಡುವ ಅಡ್ಜಸ್ಟರ್ ಮಾತ್ರ ಸರಿ ಇರಲಿಲ್ಲ. ಎಡಗಡೆ ಗುರುತು ಮೂರನೇ ಗೆರೆಯಲ್ಲಿ, ಬಲಗಡೆಯದು ನಾಲ್ಕು ದಾಟಿತ್ತು. ಟೈರ್ ಬದಲಾಯಿಸಿ ಚಕ್ರ ವಾಪಸ್ ಹಾಕುವಾಗ ಆಗಿರಬೇಕು. ಚಕ್ರದ ಹಿಂಭಾಗ ಸ್ವಲ್ಪ ಎಡಕ್ಕೆ ತಿರುಗಿ ಕೂತಿತ್ತು. ಈ ಗೆರೆಗಳನ್ನೂ ಅವರು ಪೂರ್ತಿ ನಂಬುವುದಿಲ್ಲವಂತೆ. ಹಿಂದಿನ ಟೈರಿನ ಎರಡೂ ಪಕ್ಕದಿಂದ ಮುಂದಿನ ಚಕ್ರದವರೆಗೆ ದಾರ ಎಳೆದು ಹಿಡಿದು, ಮುಂದಿನ ಟೈರಿನ ಎರಡೂ ಕಡೆ ದಾರಕ್ಕೂ ಟೈರಿಗೂ ಇರುವ ಸಂದು ಸಮ ಇದೆಯಾ ನೋಡಿಯೇ ಆಕ್ಸಲ್ ನಟ್ ಬಿಗಿ ಮಾಡಿದರು. ಹತ್ತು ನಿಮಿಷ ಹಿಡಿಯಿತು. ನಾನು ಇದುವರೆಗೆ ಚೈನ್ ಟೈಟ್ ಮಾಡಿಸಿದ ಎಲ್ಲೂ ದಾರ ಹಿಡಿದವರನ್ನು ನೋಡಿಲ್ಲ.

ಇನ್ನು ಶಾಕ್, 3,400 ರೂಪಾಯಿ ಅಂದಿದ್ದರಲ್ಲ, ಅದು. ಸೀಟನ್ನು ಜೋರಾಗಿ ಒತ್ತಿ ಬಿಟ್ಟರು. ಗಾಡಿ ಮೇಲೆ ಬಂದು ಕುಣಿಯದೆ ನಿಂತಿತು. ರಾಡ್ ಮೇಲೆ ಬೆರಳಾಡಿಸಿದರು, ಎಣ್ಣೆ ಇಲ್ಲ. "ಶಾಕ್ ಚೆನ್ನಾಗಿದೆ, ದುಡ್ಡು ಇಟ್ಕೊಳ್ಳಿ" ಅಂದರು. ಆದರೆ ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು ಅಂತ ಹೊಂದಿಸುವ, ಅದರ ಕೆಳಗಿನ ಮೆಟ್ಟಿಲು ಎಡಗಡೆ ನಾಲ್ಕರಲ್ಲಿ, ಬಲಗಡೆ ಎರಡರಲ್ಲಿ ಇತ್ತು. ಸರ್ವಿಸ್ ಸೆಂಟರ್‌ನಲ್ಲಿ ಟೈಟ್ ಮಾಡಿದ್ದು ಒಂದೇ ಕಡೆ! ಸದ್ದು ಸ್ವಲ್ಪ ಮಾತ್ರ ಕಮ್ಮಿಯಾಗಿದ್ದೂ ಅದಕ್ಕೇ ಇರಬೇಕು. ಎರಡು ಶಾಕ್ ಇರುವ ಗಾಡಿಯಲ್ಲಿ ಎರಡೂ ಒಂದೇ ಮೆಟ್ಟಿಲಿನಲ್ಲಿ ಇರಲೇಬೇಕು. ಭಾರ ಹೊರುವುದು ಕೇಳಿ ಎರಡನ್ನೂ ಮೂರಕ್ಕೆ ತಂದರು.

ನನಗೆ ಜಾಸ್ತಿ ಹೆದರಿಕೆ ಆಗಿದ್ದು ಕೊನೆಯಲ್ಲಿ. ಮಡ್‌ಗಾರ್ಡ್ ಒಳಗೆ ಹಿಂದಿನ ಲೈಟ್ ಮತ್ತು ಇಂಡಿಕೇಟರಿನ ವೈರು ಹೋಗುತ್ತದೆ. ಅದನ್ನು ಹಿಡಿದಿಡುವ ಕ್ಲಿಪ್ ಸುತ್ತಿಗೆ ಏಟಿಗೆ ಬಿಟ್ಟುಕೊಂಡಿತ್ತು. ವೈರು ಜೋತುಬಿದ್ದು ಟೈರಿಗೆ ಸವರಿಕೊಂಡು ಮೇಲಿನ ತೊಗಟೆ ಸವೆದು, ಒಂದು ಕಡೆ ಒಳಗಿನ ಬಣ್ಣದ ವೈರು ಕಾಣುತ್ತಿತ್ತು. ಇನ್ನು ಸ್ವಲ್ಪ ದಿನ ಹೋಗಿದ್ದರೆ ರಾತ್ರಿ ಮೈಸೂರು ರೋಡ್‌ನಲ್ಲಿ ಬ್ರೇಕ್ ಹಿಡಿದರೆ ಹಿಂದೆ ಲೈಟೇ ಹತ್ತುತ್ತಿರಲಿಲ್ಲ, ಹಿಂದೆ ಬರುವ ಬಸ್ಸಿನವರಿಗೆ ನಾವು ಕಾಣುತ್ತಲೇ ಇರಲಿಲ್ಲ. ಅದಕ್ಕೆ ಸ್ಲೀವ್ ಹಾಕಿ, ಟೇಪ್ ಸುತ್ತಿ, ಹೊಸ ಕ್ಲಿಪ್‌ನಲ್ಲಿ ಮೇಲಕ್ಕೆ ಕಟ್ಟಿದರು. ಇದನ್ನು ನಾನು ಕೇಳಿರಲೇ ಇಲ್ಲ. ಅವರೇ ನೋಡಿ ಮಾಡಿದ್ದು.

ಬೋಲ್ಟ್ ತರೋಕೆ ಹುಡುಗನನ್ನು ಹಾರ್ಡ್‌ವೇರ್ ಅಂಗಡಿಗೆ ಕಳಿಸಿದರು. ಗುಂಡು ತಲೆಯ ಗಿಡ್ಡ ಬೋಲ್ಟ್, ತಲೆ ಒಳಗೆ, ಹೊರಗಡೆ ವಾಷರ್ ಮತ್ತು ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್. ಕ್ಯಾರಿಯರ್ ಅದರಲ್ಲೇ ಗಟ್ಟಿಯಾಗಿ ಕೂತಿತು. ಮತ್ತೆ ಚಾಕ್‌ಪೀಸ್ ಬಳಿದು, ಬ್ಯಾಟರಿ ಸಮೇತ ಹುಡುಗನನ್ನು ಕೂರಿಸಿ, ಅದೇ ಹಂಪ್‌ಗೆ ಕಳಿಸಿದರು. ಬಿಳಿ ಹಾಗೇ ಇತ್ತು.

ಬಿಲ್ 370 ರೂಪಾಯಿ. ಅದರಲ್ಲಿ 200 ಅವರು ನೋಡಿದ್ದಕ್ಕೆ, ಚೈನ್ ಕೆಲಸವೂ ಸೇರಿ. ಉಳಿದದ್ದು ಬೋಲ್ಟ್, ಕ್ಲಿಪ್, ವೈರಿಂಗ್. ನೋಡಿದ್ದಕ್ಕೆ ದುಡ್ಡಾ ಅಂತ ಕೆಲವರು ಕೇಳಬಹುದು. ಒಂದೂವರೆ ಗಂಟೆ ಆ ಮನುಷ್ಯ ನೆಲದ ಮೇಲೆ ಕೂತು ನೋಡಿದ್ದಾರೆ. ಸುಮ್ನೆ ಶಾಕ್ ಬದಲಾಯಿಸಿ ಕಳಿಸಿದ್ದರೆ ಅವರಿಗೆ ಲಾಭ ಜಾಸ್ತಿ ಇರುತ್ತಿತ್ತು. ನನಗೆ 3,400 ಖರ್ಚಾಗಿ ಸದ್ದು ಹಾಗೇ ಉಳಿಯುತ್ತಿತ್ತು. ಆ 200 ರೂಪಾಯಿ ನಾನು ಸಂತೋಷದಿಂದ ಕೊಟ್ಟೆ.

ಟೈರ್ ಇವರು ಮಾರುವುದಿಲ್ಲ. ಗೀರಿನಲ್ಲಿ ಬೆಂಕಿಕಡ್ಡಿ ಇಟ್ಟು ಆಳ ತೋರಿಸಿ, "ಇದರ ಮೇಲೆ ಇಬ್ಬರು ಕೂತು ಜಾಸ್ತಿ ದಿನ ಓಡಾಡಬೇಡಿ, ಎಲ್ಲಾದ್ರೂ ಹಾಕಿಸಿ, ಸೈಜ್ ಮಾತ್ರ ಚೈನ್ ಕವರ್ ಮೇಲಿನ ಸ್ಟಿಕ್ಕರ್‌ನಲ್ಲಿ ಇರೋದೇ" ಅಂದರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ, ಅದನ್ನು ನೋಡಿ ತಗೊಳ್ಳಿ ಅಂತಲೂ ಹೇಳಿದರು. 2223 ಅಂತಿದ್ದರೆ 2023ರ 22ನೇ ವಾರ ತಯಾರಾದ ಟೈರ್ ಅಂತ ಅರ್ಥ. ಆ ವಾರವೇ ಬೇರೆ ಅಂಗಡಿಯಲ್ಲಿ 100/90-18 ಹಾಕಿಸಿದೆ. ಗಾಡಿ ತಿರುವಿನಲ್ಲಿ ಮೊದಲಿಗಿಂತ ಹಗುರವಾಗಿ ವಾಲುತ್ತದೆ ಅನಿಸುತ್ತಿದೆ. ಇದಾಗಿ ಏಳು ವಾರ, ಹತ್ತಾರು ಸಲ ಚಿಕ್ಕಪೇಟೆಗೆ ಗಂಟು ಸಮೇತ ಹೋಗಿ ಬಂದಿದ್ದೇವೆ. ಹಂಪ್ ಬಂದಾಗ ಹೆಂಡತಿ ಈಗಲೂ ಒಂದು ಕ್ಷಣ ಮಾತು ನಿಲ್ಲಿಸಿ ಕಿವಿಗೊಡುತ್ತಾಳೆ. ಸದ್ದಿಲ್ಲ.

ಕೊರತೆಯೂ ಹೇಳುತ್ತೇನೆ. ಫೋನ್ ಎತ್ತುವುದಿಲ್ಲ. ಶನಿವಾರ ಬೆಳಿಗ್ಗೆ ಹೋದರೆ ಆರೇಳು ಗಾಡಿ ಮುಂದಿರುತ್ತವೆ, ಕೂರೋಕೆ ಇರುವುದು ಒಂದೇ ಸ್ಟೂಲ್, ಅದರಲ್ಲಿ ಅವರೇ ಕೂತಿರುತ್ತಾರೆ. ಭಾನುವಾರ ಮಧ್ಯಾಹ್ನದ ಮೇಲೆ ಶಟರ್ ಎಳೆದಿರುತ್ತದೆ. ಅರ್ಜೆಂಟ್ ಮಾಡಿದರೆ "ಬೇರೆ ಕಡೆ ತೋರಿಸಿ ಸರ್" ಅಂತ ನೇರವಾಗಿ ಹೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಬಿಲ್ ಅಂದರೆ ಒಂದು ಚೀಟಿ ಅಷ್ಟೇ. ಆದರೆ ಏನು ಮಾಡಿದರು ಅಂತ ಒಂದೊಂದಾಗಿ ಬರೆದು ಕೊಡುತ್ತಾರೆ, ತೆಗೆದ ಹಳೇ ಬೋಲ್ಟನ್ನೂ ಕೈಗೇ ಕೊಡುತ್ತಾರೆ. ನನ್ನದು ತುದಿ ಸವೆದು ಕನ್ನಡಿಯ ಹಾಗೆ ಹೊಳೆಯುತ್ತಿದೆ, ಟಿವಿ ಪಕ್ಕದಲ್ಲಿ ಇಟ್ಟಿದ್ದೇನೆ.

ಹೋಗುವವರು ವಾರದ ನಡುವೆ ಹನ್ನೊಂದು ಗಂಟೆ ಹೊತ್ತಿಗೆ ಹೋಗಿ. ಈಚೆಗೆ ಗಾಡಿಗೆ ಏನೇನು ಹಾಕಿಸಿದ್ದೀರಿ ಅಂತ ಮನೆಯಲ್ಲೇ ನೆನಪು ಮಾಡಿಕೊಂಡು ಹೋಗಿ, ನಂಬರ್ ಪ್ಲೇಟ್ ಫ್ರೇಮ್ ಆದರೂ ಸರಿ, ಸೀರೆ ಗಾರ್ಡ್ ಆದರೂ ಸರಿ. ಇಬ್ಬರಿದ್ದಾಗ ಮಾತ್ರ ಸದ್ದು ಬರುತ್ತದೆ ಅಂದರೆ ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಆ ಹುಡುಗ ಮತ್ತೆ ಬ್ಯಾಟರಿ ಹಿಡಿದು ಕೂರಬೇಕಾಗುತ್ತದೆ.